ಹಾರ್ಡ್ ಡಿಸ್ಕಿಗೂ ಒಂದು ನಕಲು ಬೇಡವೇ ಮೇಷ್ಟ್ರೇ?

ಹಾಜರಿ ಪುಸ್ತಕ, ದಾಖಲಾತಿ ರಿಜಿಸ್ಟರುಗಳನ್ನು ನಾವು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಅದೇ ಕೋಣೆಯ ಮೂಲೆಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಕೂತು ಟೈಪ್ ಮಾಡಿದ ಕನ್ನಡ ಪ್ರಶ್ನೆಪತ್ರಿಕೆಗಳು, ತೆಲುಗಿನಿಂದ ಅನುವಾದಿಸಿಕೊಂಡ ಸುತ್ತೋಲೆಗಳು, ಪಾಠದ ಟಿಪ್ಪಣಿಗಳು ಎಲ್ಲಾ ಇವೆ. ಅದಕ್ಕೆ ಬೀಗವೂ ಇಲ್ಲ, ನಕಲೂ ಇಲ್ಲ. ಆದೋನಿಯ ಬೇಸಿಗೆ, ಹೇಳದೆ ಕೇಳದೆ ಹೋಗುವ ಕರೆಂಟು... ಹಾರ್ಡ್ ಡಿಸ್ಕ್ ಒಂದು ದಿನ ಕೈಕೊಡದೆ ಇರುತ್ತದೆಯೇ?

"ಪೆನ್ ಡ್ರೈವಿನಲ್ಲಿ ಕಾಪಿ ಇದೆ ಸಾರ್" ಅನ್ನುವವರಿದ್ದಾರೆ. "ಗೂಗಲ್ ಡ್ರೈವಿಗೆ ಹಾಕಿದ್ದೀವಿ" ಅನ್ನುವ ಹೊಸ ಮೇಷ್ಟ್ರುಗಳೂ ಇದ್ದಾರೆ. ಒಳ್ಳೆಯದೇ. ಆದರೆ ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಗೆ ಅಷ್ಟು ಸಾಲದು ಅನ್ನುವುದು ನನ್ನ ವಾದ.

ಯಾಕೆ ಅಂತೀರಾ? ಡಿಸ್ಕ್ ಕೆಟ್ಟಾಗ ನಾವು ಹೋಗುವುದು ಪೇಟೆಯ ರಿಪೇರಿ ಅಂಗಡಿಗೆ. ಅಲ್ಲಿನ ಹುಡುಗ ಹೊಸ ಡಿಸ್ಕ್ ಹಾಕಿ, ವಿಂಡೋಸ್ ಮತ್ತು ಆಫೀಸ್ ತುಂಬಿ, ಜೊತೆಗೆ ತೆಲುಗು ಫಾಂಟುಗಳನ್ನೂ ಹಾಕಿಕೊಡುತ್ತಾನೆ. ನುಡಿ, ಬರಹದ ಹೆಸರು ಅವನು ಕೇಳಿರಲಿಕ್ಕಿಲ್ಲ. ಅವನ ತಪ್ಪೂ ಅಲ್ಲ ಬಿಡಿ, ಕೇಳಿ ಬರುವ ಗಿರಾಕಿಗಳೇ ಕಡಿಮೆ. ಶಾಲೆಗೆ ತಂದು ಪೆನ್ ಡ್ರೈವಿನ ಹಳೆಯ ಪ್ರಶ್ನೆಪತ್ರಿಕೆ ತೆರೆದರೆ ಪರದೆಯ ತುಂಬಾ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಏನೇನೋ ಗೀಟು, ಚುಕ್ಕಿ! ಕಡತ ಕೆಟ್ಟಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳಲ್ಲಿ ಕನ್ನಡ ಕಾಣುವುದು ಆ ಫಾಂಟಿನಿಂದ ಮಾತ್ರ. ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ.

ಆಮೇಲೆ ಕೀಲಿಮಣೆ ವಿನ್ಯಾಸ, ಹಳೆಯ ಪ್ರಿಂಟರಿನ ಡ್ರೈವರ್, ಎಲ್ಲೋ ಕಳೆದ ಅದರ ಸಿಡಿ. ಪರೀಕ್ಷೆಯ ವಾರದಲ್ಲಿ ಎರಡು ಮೂರು ದಿನ ಹೋಯಿತೆಂದೇ ಲೆಕ್ಕ. ಬಳ್ಳಾರಿಯಲ್ಲಾಗಿದ್ದರೆ ಪಕ್ಕದ ಶಾಲೆಯಲ್ಲೇ ಎಲ್ಲಾ ಸಿಗುತ್ತಿತ್ತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. ಅಂದಿನಿಂದ ಇಂಥ ಸಣ್ಣಪುಟ್ಟ ಅನುಕೂಲಗಳೆಲ್ಲ ನಮಗೆ ಗಡಿಯಾಚೆಯವೇ. ಇರಲಿ, ಅದು ಇನ್ನೊಂದು ದಿನದ ಮಾತು.

ಆದ್ದರಿಂದ ಕಡತಗಳ ಜೊತೆಗೆ ಇಡೀ ವ್ಯವಸ್ಥೆಯ ನಕಲೂ ಬೇಕು. ಇದಕ್ಕೆ ಸಿಸ್ಟಮ್ ಇಮೇಜ್ ಅನ್ನುತ್ತಾರೆ. ವಿಂಡೋಸ್, ನುಡಿ, ಫಾಂಟು, ಪ್ರಿಂಟರ್, ಸೆಟ್ಟಿಂಗು ಎಲ್ಲಾ ಆ ದಿನ ಹೇಗಿತ್ತೋ ಹಾಗೆಯೇ ಹೊರಗಿನ ಡಿಸ್ಕಿಗೆ ಇಳಿಸುವುದು. ಕೆಟ್ಟಾಗ ಹೊಸ ಡಿಸ್ಕ್ ಹಾಕಿ ಅದನ್ನೇ ಮರಳಿ ತುಂಬಿದರೆ ಕೆಲವು ಗಂಟೆಗಳಲ್ಲಿ ಹಳೆಯ ಕಂಪ್ಯೂಟರು ಹಾಗೇ ಎದ್ದು ಕೂರುತ್ತದೆ. ಹಿಂದೆ ನಾರ್ಟನ್ ಘೋಸ್ಟ್ ಅಂತ ಒಂದಿತ್ತು, 2013ರಲ್ಲಿ ನಿಲ್ಲಿಸಿಬಿಟ್ಟರು. ಈಗ ಕ್ಲೋನ್‌ಜಿಲ್ಲಾ ಪುಕ್ಕಟೆ ಸಿಗುತ್ತದೆ, ಪೆನ್ ಡ್ರೈವಿನಿಂದಲೇ ನಡೆಯುತ್ತದೆ. ನೋಡಲು ಕಪ್ಪು ಪರದೆ, ಸ್ವಲ್ಪ ಹೆದರಿಕೆ ಹುಟ್ಟಿಸುತ್ತದೆ ನಿಜ. ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಎರಡು ಸಲ ಓದಿ ಒತ್ತಿ, ಅದಲು ಬದಲಾದರೆ ಇದ್ದದ್ದೂ ಅಳಿಸಿಹೋದೀತು. ತುಂಬುವ ಹೊಸ ಡಿಸ್ಕ್ ಹಳೆಯದಷ್ಟಾದರೂ ದೊಡ್ಡದಿರಬೇಕು. ಇದು ಬೇಡವೆಂದರೆ ವಿಂಡೋಸ್ 7 ಮತ್ತು 10ರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬ್ಯಾಕಪ್ ಅಂಡ್ ರಿಸ್ಟೋರ್ ಇದ್ದೇ ಇದೆ, ಅದರಲ್ಲೂ ಸಿಸ್ಟಮ್ ಇಮೇಜ್ ಮಾಡಬಹುದು. ಮರಳಿ ತುಂಬಲು ಬೇಕಾಗುವ ರಿಪೇರಿ ಡಿಸ್ಕನ್ನೂ ಅಲ್ಲೇ ಮಾಡಿಟ್ಟುಕೊಳ್ಳಿ.

ನೆನಪಿಡಿ, ಇಮೇಜ್ ತೆಗೆಯಬೇಕಾದ್ದು ಕಂಪ್ಯೂಟರು ಚೆನ್ನಾಗಿರುವಾಗ. ವೈರಸ್ ಹೊಕ್ಕ ಮೇಲೆ ತೆಗೆದರೆ ವೈರಸ್ಸಿನ ನಕಲೂ ಸಿಗುತ್ತದೆ ಅಷ್ಟೆ :-)

ನಕಲಿನ ಡಿಸ್ಕನ್ನು ಕಂಪ್ಯೂಟರಿಗೇ ಸಿಕ್ಕಿಸಿ ಬಿಡುವುದು ಇನ್ನೊಂದು ಕೆಟ್ಟ ಅಭ್ಯಾಸ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಲೋಕವೆಲ್ಲ ಸುತ್ತಿ ನಮ್ಮ ಆಂಧ್ರದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳಿಗೂ ತಗುಲಿತ್ತು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವುದು ಅದರ ಕಸುಬು. ಆ ಹೊತ್ತಿಗೆ ಸಿಕ್ಕಿಸಿದ್ದ ಹೊರಗಿನ ಡಿಸ್ಕನ್ನೂ ಅದು ಬಿಡುವುದಿಲ್ಲ. ಕೆಲಸ ಮುಗಿದ ತಕ್ಷಣ ಕಿತ್ತು ಬೀರುವಿಗೆ ಸೇರಿಸಿ. ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲೋ ಮುಖ್ಯೋಪಾಧ್ಯಾಯರ ಮನೆಯಲ್ಲೋ ಇದ್ದರೆ ಇನ್ನೂ ಮೇಲು.

"ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿದರೆ ಈ ರಗಳೆಯೇ ಇಲ್ಲವಲ್ಲ?" ಒಪ್ಪಿದೆ, ಬದಲಿಸಲೇಬೇಕು. ಆದರೆ ಗಣಿತದ ಪತ್ರಿಕೆ ಬದಲಿಸಿ ನೋಡಿ. ಕನ್ನಡದ ನಡುವೆ ಇರುವ ಇಂಗ್ಲಿಷ್ ಅಕ್ಷರ, ಸೂತ್ರಗಳೆಲ್ಲ ಅಡ್ಡಾದಿಡ್ಡಿಯಾಗುವ ಸಂಭವವಿದೆ, ಸಾಲು ಸಾಲು ತಿದ್ದಬೇಕು. ಅದಕ್ಕೆ ಎರಡು ಬೇಸಿಗೆ ರಜೆ ಬೇಕಾದೀತು. ಅಲ್ಲಿಯವರೆಗೆ ಹಳೆಯ ಯಂತ್ರ ಬದುಕಿರಲೇಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೂ ಕಂಪನಿಯ ಮಾಮೂಲು ಬೆಂಬಲ ಮುಗಿಯಿತು, ಹಳೆಯದನ್ನು ನಂಬಿಕೊಂಡವರಿಗೆ ನಕಲಿನ ಅಗತ್ಯ ಹೆಚ್ಚೇ ಆಯಿತು.

ಇದರ ಖರ್ಚನ್ನು ಯಾವುದೋ ಒಬ್ಬ ಉತ್ಸಾಹಿ ಮೇಷ್ಟ್ರ ಜೇಬಿಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೆ ವರ್ಗವಾದರೆ ಡಿಸ್ಕೂ ಅವರ ಜೊತೆಯೇ ಹೋಗುತ್ತದೆ. ಅದನ್ನು ಶಾಲೆಯ ಹಣದಲ್ಲೇ ಕೊಂಡು ಸ್ಟಾಕ್ ರಿಜಿಸ್ಟರಿಗೆ ಏರಿಸಬೇಕು. ಮೇಲೆ ಒಂದು ಚೀಟಿ ಅಂಟಿಸಿ: ಯಾವ ಕಂಪ್ಯೂಟರು, ಯಾವ ತಾರೀಕು, ಮರಳಿ ತುಂಬುವ ಪೆನ್ ಡ್ರೈವ್ ಎಲ್ಲಿದೆ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಒಂದು ಖಾಲಿ ಡಿಸ್ಕಿಗೆ ಅದನ್ನು ತುಂಬಿ, ಕಂಪ್ಯೂಟರು ಏಳುತ್ತದೆಯೇ, ನುಡಿಯಲ್ಲಿ "ಕ" ಮೂಡುತ್ತದೆಯೇ ಎಂದು ನೋಡಿಬಿಡಿ.