ಸಾಕ್ಷ್ಯಚಿತ್ರವೂ ಸಾಕ್ಷಿಯಾದ ಪ್ರೇಕ್ಷಕನೂ

ನಾಟಕವನ್ನು ನೋಡಿ ಕಣ್ಣೀರು ಸುರಿಸುವವನಿಗೂ ಬೀದಿಯಲ್ಲಿ ನಡೆದ ಕೊಲೆಯನ್ನು ಕಂಡು ಕಣ್ಣೀರು ಸುರಿಸುವವನಿಗೂ ಬಹಳ ಅಂತರವುಂಟು. ಭಾರತೀಯ ಆಲಂಕಾರಿಕರು ಈ ಅಂತರವನ್ನು ಸಾವಿರ ವರ್ಷಗಳ ಹಿಂದೆಯೇ ಗುರುತಿಸಿದ್ದರು. ರಂಗದ ಮೇಲಣ ಶೋಕವು ಯಾರೊಬ್ಬರ ಸ್ವಂತ ಶೋಕವಾಗಿಯೂ ಉಳಿಯದೆ ಸಾಧಾರಣೀಕೃತವಾಗುವುದರಿಂದಲೇ ಅದು ಕರುಣರಸವಾಗಿ ಆಸ್ವಾದ್ಯವಾಗುವುದೆಂದು ಭಟ್ಟನಾಯಕನೂ ಅವನ ತರುವಾಯ ಅಭಿನವಗುಪ್ತನೂ ಪ್ರತಿಪಾದಿಸಿದರು. ರಂಗದ ಮೇಲೆ ಮಡಿದು ಬಿದ್ದವನು ತೆರೆ ಇಳಿದ ಮೇಲೆ ಎದ್ದು ಬಣ್ಣ ತೊಳೆದುಕೊಳ್ಳುತ್ತಾನೆ. ನೋಡಿದವನು ಹಗುರಾದ ಮನಸ್ಸಿನಿಂದ ಮನೆಗೆ ತೆರಳುತ್ತಾನೆ. ಸಾಕ್ಷ್ಯಚಿತ್ರದ ಮಾತು ಬೇರೆ. ಅಲ್ಲಿ ಬಿದ್ದವನು ಏಳುವುದಿಲ್ಲ. ಅಲ್ಲಿ ಕಾಣುವ ನೆತ್ತರು ಬಣ್ಣವಲ್ಲ. ಆದುದರಿಂದ ಅಂಥ ಚಿತ್ರವನ್ನು ನೋಡಿದವನು ರಸಿಕನಾಗಿ ಮಾತ್ರ ಎದ್ದುಹೋಗುವುದು ಸಾಧ್ಯವೇ, ಅಥವಾ ಅವನ ಮೇಲೆ ಬೇರೊಂದು ಹೊಣೆ ಬೀಳುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಗೆ ಪ್ರಸಕ್ತಿಯನ್ನು ಒದಗಿಸಿರುವುದು ಆನಂದ ಪಟವರ್ಧನರು 2018ರಲ್ಲಿ ಹೊರತಂದ ‘ವಿವೇಕ’ ಎಂಬ ದೀರ್ಘ ಸಾಕ್ಷ್ಯಚಿತ್ರ. ಪುಣೆಯಲ್ಲಿ 2013ರ ಆಗಸ್ಟ್ 20ರಂದು ಬೆಳಗಿನ ವಾಯುವಿಹಾರಕ್ಕೆ ಹೊರಟಿದ್ದ ನರೇಂದ್ರ ದಾಭೋಲ್ಕರರು ಗುಂಡಿಗೆ ಬಲಿಯಾದರು. ಕೊಲ್ಹಾಪುರದಲ್ಲಿ 2015ರ ಫೆಬ್ರವರಿ 16ರಂದು ಪತ್ನಿಯೊಡನೆ ನಡೆದು ಬರುತ್ತಿದ್ದ ಗೋವಿಂದ ಪಾನ್ಸರೆಯವರ ಮೇಲೆ ಗುಂಡು ಹಾರಿತು. ನಾಲ್ಕು ದಿನಗಳ ಅನಂತರ ಅವರು ತೀರಿಕೊಂಡರು. ಅದೇ ವರ್ಷ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ, ಬಾಗಿಲು ತಟ್ಟಿದವರನ್ನು ಮಾತನಾಡಿಸಲು ಬಂದ ಡಾ. ಎಂ. ಎಂ. ಕಲಬುರ್ಗಿಯವರು ತಮ್ಮ ಮನೆಯಲ್ಲಿಯೇ ಹತರಾದರು. 2017ರ ಸೆಪ್ಟೆಂಬರ್ 5ರ ರಾತ್ರಿ ಪತ್ರಿಕಾ ಸಂಪಾದಕಿ ಗೌರಿ ಲಂಕೇಶರು ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ತಮ್ಮ ಮನೆಯ ಮುಂದೆಯೇ ಗುಂಡಿಗೆ ಗುರಿಯಾದರು. ಈ ನಾಲ್ಕು ಮರಣಗಳೂ ಆ ಕಾಲದ ಇತರ ಕೆಲವು ಘಟನೆಗಳೂ ಆ ಚಿತ್ರದ ವಸ್ತು. ಆಂಸ್ಟರ್‌ಡ್ಯಾಮಿನ ಸಾಕ್ಷ್ಯಚಿತ್ರೋತ್ಸವದಲ್ಲಿ ಅದಕ್ಕೆ ಅಗ್ರ ಪ್ರಶಸ್ತಿ ದೊರೆಯಿತು. 2019ರಲ್ಲಿ ಕೇರಳದ ಚಿತ್ರೋತ್ಸವದಲ್ಲಿ ಪ್ರದರ್ಶಿಸಲು ಕೇಂದ್ರ ಸರ್ಕಾರದ ವಿನಾಯಿತಿ ದೊರೆಯದೆ ಹೋದಾಗ ಕೇರಳದ ಉಚ್ಚ ನ್ಯಾಯಾಲಯವು ಪ್ರದರ್ಶನಕ್ಕೆ ಅನುಮತಿಯನ್ನಿತ್ತಿತು. ಗೌರಿಯವರ ಸೋದರಿ ಕವಿತಾ ಲಂಕೇಶರೂ ‘ಗೌರಿ’ ಎಂಬ ಸಾಕ್ಷ್ಯಚಿತ್ರವನ್ನು ನಿರ್ದೇಶಿಸಿರುವರು.

ಬೆಂಗಳೂರಿನ ಪಶ್ಚಿಮ ಭಾಗದ ನಿವಾಸಿಗಳಿಗೆ ಇದು ದೂರದೇಶದ ಕಥೆಯಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಮೊದಲೇ ಸಿಗುವ ಬಡಾವಣೆ ರಾಜರಾಜೇಶ್ವರಿನಗರ. ವಿಜಯನಗರದಲ್ಲಿಯೋ ಬಸವೇಶ್ವರನಗರದಲ್ಲಿಯೋ ಮನೆ ಮಾಡಿಕೊಂಡಿರುವವರ ಬಂಧುಬಳಗ ಅಲ್ಲಿಯೂ ಇದೆ. ಸೆಪ್ಟೆಂಬರ್ 5 ಶಿಕ್ಷಕರ ದಿನವೆಂಬುದನ್ನು ಉಪಾಧ್ಯಾಯರಿಗೆ ನೆನಪಿಸಬೇಕಾಗಿಲ್ಲ. ಹಗಲಿನಲ್ಲಿ ಗುರುವಂದನೆ ನಡೆದ ದಿನದ ರಾತ್ರಿಯೇ, ಬರೆದು ಬದುಕಿದ ಹೆಣ್ಣುಮಗಳೊಬ್ಬಳು ಮನೆಯ ಬಾಗಿಲನ್ನು ದಾಟಲಾರದೆ ಬಿದ್ದಳು.

ಅಮೆರಿಕದಲ್ಲಿ ಬಂದೂಕು ಮನೆಮನೆಯ ವಸ್ತು. ಅಲ್ಲಿ ಶಾಲೆಯೊಳಕ್ಕೂ ಅದು ನುಗ್ಗಿ ಮಕ್ಕಳನ್ನು ಕೊಂದಿರುವುದುಂಟು. ಭಾರತದಲ್ಲಿ ಹಾಗಿಲ್ಲ. 1959ರ ಆಯುಧಗಳ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಯಾರೂ ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲ. ಆದರೂ ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ಹಾರಿದ ಗುಂಡುಗಳು 7.65 ಮಿಲಿಮೀಟರಿನ ಒಂದೇ ನಾಡಪಿಸ್ತೂಲಿನಿಂದ ಹೊರಟವೆಂದು, ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆಯನ್ನು ಆಧರಿಸಿ ವಿಶೇಷ ತನಿಖಾ ದಳವು ಹೇಳಿತು. ಎರಡು ವರ್ಷಗಳ ಅಂತರದಲ್ಲಿ, ನಾಲ್ಕುನೂರು ಕಿಲೋಮೀಟರಿಗೂ ಹೆಚ್ಚಿನ ದೂರದಲ್ಲಿ, ಒಂದೇ ಆಯುಧ! ಕೈಗೆ ಆಯುಧ ದೊರೆಯುವುದು ಕಷ್ಟವಾದ ನಾಡಿನಲ್ಲಿಯೂ ಅದು ಹೀಗೆ ಸಂಚರಿಸಬೇಕಾದರೆ, ಅದಕ್ಕೆ ಮೊದಲು ಮನಸ್ಸುಗಳಲ್ಲಿ ಎಷ್ಟು ದೂರದ ದಾರಿ ಸವೆದಿರಬೇಕು!

ಇಂಥ ಚಿತ್ರವನ್ನು ನೋಡಿದವರು, ಈಗ ಬಹುಮಟ್ಟಿಗೆ ಕೈಯಲ್ಲಿರುವ ದೂರವಾಣಿಯಲ್ಲಿಯೇ ನೋಡಿದವರು, ಆಡುವ ಮಾತುಗಳನ್ನು ಸಂಗ್ರಹಿಸಿದರೆ ಅವು ನಾಲ್ಕು ಬಗೆಯಾಗಿ ಕಾಣುತ್ತವೆ. ಅವುಗಳಲ್ಲಿ ಯಾವುದೂ ದುರುದ್ದೇಶದ ಮಾತಲ್ಲ. ಆದುದರಿಂದಲೇ ಒಂದೊಂದನ್ನೂ ತೂಗಿ ನೋಡಬೇಕಾಗಿದೆ.

ಮೊದಲನೆಯದು ಕನಿಕರದ ಮಾತು: “ಪಾಪ, ಹೀಗಾಗಬಾರದಿತ್ತು.” ಈ ಮಾತಿನಲ್ಲಿ ಹೃದಯವಿದೆ, ಆದರೆ ಕರ್ತೃವಿಲ್ಲ. ಮಳೆ ಬಂತು, ಗೋಡೆ ಬಿತ್ತು ಎಂಬಂತೆ ಕೊಲೆಯೂ ತಾನೇ ಆದ ಸಂಗತಿಯಾಗಿಬಿಡುತ್ತದೆ. ನಾಟಕದ ಪ್ರೇಕ್ಷಕನಿಗೆ ಈ ಕನಿಕರ ಸಾಕು; ಸಾಕ್ಷ್ಯಚಿತ್ರದ ಪ್ರೇಕ್ಷಕನಿಗೆ ಸಾಲದು.

ಎರಡನೆಯದು ವಿಚಾರಣೆಯ ಮಾತು: “ಅದು ಸರಿ, ಅವರು ಹೇಳಿದ್ದಾದರೂ ಏನು?” ಮೇಲುನೋಟಕ್ಕೆ ಇದು ಜಿಜ್ಞಾಸೆಯಂತೆ ತೋರುತ್ತದೆ. ಹೇಳಿದ್ದನ್ನು ಓದಿ ವಿಮರ್ಶಿಸುವುದಕ್ಕಾಗಿ ಕೇಳಿದರೆ ಅದು ಜಿಜ್ಞಾಸೆಯೇ ಸರಿ. ಆದರೆ ಬಹುಸಂದರ್ಭಗಳಲ್ಲಿ ಹಾಗೆ ಕೇಳುವವರು ಮಾತಿನ ತೂಕವನ್ನು ಒಂದು ತಟ್ಟೆಯಲ್ಲಿಯೂ ಗುಂಡಿನ ತೂಕವನ್ನು ಇನ್ನೊಂದರಲ್ಲಿಯೂ ಇಟ್ಟು, ಎರಡೂ ಸಮನಾಗುವ ಸಂಭವವುಂಟೆಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ವಿಗ್ರಹಾರಾಧನೆಯ ವಿಷಯವಾಗಿ ಕಲಬುರ್ಗಿಯವರು 2014ರಲ್ಲಿ ಆಡಿದ ಮಾತು ಅನೇಕರಿಗೆ ರುಚಿಸಲಿಲ್ಲ. ಅದು ತಪ್ಪೆಂದು ತೋರಿದವರಿಗೆ ಪತ್ರಿಕೆಯಿತ್ತು, ವೇದಿಕೆಯಿತ್ತು, ನ್ಯಾಯಾಲಯವೂ ಇತ್ತು. ತಪ್ಪು ಮಾತಿಗೆ ಸರಿ ಮಾತೇ ಉತ್ತರ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವುದೇ ನಿಜವಾದ ಸಂಪತ್ತೆಂದು ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಸಾರಿತು. ಆ ಗ್ರಂಥದ ಪರಿಸರದ ಸಾಹಿತ್ಯವನ್ನೇ ಕುರಿತು ಮಹಾಪ್ರಬಂಧ ಬರೆದು, ತಮ್ಮ ಸಂಶೋಧನ ಸಂಪುಟಗಳಿಗೆ ‘ಮಾರ್ಗ’ವೆಂದೇ ಹೆಸರಿಟ್ಟ ವಿದ್ವಾಂಸರು ಅಸಹಿಷ್ಣುತೆಗೆ ಬಲಿಯಾದುದು ಕನ್ನಡಿಗರು ಮರೆಯಬಾರದ ಸಂಗತಿ.

ಮೂರನೆಯದು ಕ್ರೋಧದ ಮಾತು: “ಕೊಂದವರನ್ನೂ ಹಾಗೆಯೇ ಸುಡಬೇಕು.” ಸತ್ತವರ ಮೇಲಣ ಅಭಿಮಾನದಿಂದಲೇ ಈ ಮಾತು ಹುಟ್ಟುತ್ತದೆಯಾದರೂ ಅದು ಕೊಂದವರ ಮತವನ್ನೇ ಸ್ವೀಕರಿಸಿದಂತೆ. ದಾಭೋಲ್ಕರರ ಕೊಲೆಯ ಮೊಕದ್ದಮೆಯಲ್ಲಿ ಪುಣೆಯ ನ್ಯಾಯಾಲಯವು 2024ರ ಮೇ 10ರಂದು ಇಬ್ಬರಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿ ಮೂವರನ್ನು ಬಿಡುಗಡೆ ಮಾಡಿತು. ತೀರ್ಪು ಬರಲು ಹತ್ತು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿದುದು ಖೇದದ ವಿಷಯ. ಆದರೂ ಐವರಲ್ಲಿ ಯಾರ ಮೇಲೆ ಆರೋಪ ಸಿದ್ಧವಾಯಿತು, ಯಾರ ಮೇಲೆ ಆಗಲಿಲ್ಲ ಎಂದು ವಿಂಗಡಿಸಿ ಹೇಳುವ ಶಕ್ತಿ ಕ್ರೋಧಕ್ಕಿಲ್ಲ, ವಿವೇಕಕ್ಕೆ ಮಾತ್ರ ಉಂಟು. ಗೌರಿಯವರ ಕೊಲೆಯ ವಿಚಾರಣೆ ಬೆಂಗಳೂರಿನಲ್ಲಿ ಆರಂಭವಾದುದು 2022ರ ಜುಲೈನಲ್ಲಿ. ತಡವಾಗುವುದನ್ನು ನಾಗರಿಕರು ಪ್ರಶ್ನಿಸಬೇಕು. ತೀರ್ಪನ್ನು ತಾವೇ ಬರೆಯಬಾರದು.

ನಾಲ್ಕನೆಯದು ಎಚ್ಚರಿಕೆಯ ಮಾತು: “ಇದು ಒಂದು ಪಕ್ಷದ ಚಿತ್ರ, ಮಕ್ಕಳಿಗೆ ಇದನ್ನೆಲ್ಲ ಏಕೆ ತೋರಿಸಬೇಕು?” ಇದರಲ್ಲಿ ಎರಡು ಅಂಶಗಳಿವೆ. ಸಾಕ್ಷ್ಯಚಿತ್ರವೂ ಆಯ್ದು ಜೋಡಿಸಿದ ಕೃತಿಯೇ. ಅದಕ್ಕೆ ಕರ್ತೃವಿನ ದೃಷ್ಟಿ ಇದ್ದೇ ಇರುತ್ತದೆ. ಅದನ್ನು ಒಪ್ಪದಿರುವ ಹಕ್ಕು ಪ್ರೇಕ್ಷಕನಿಗುಂಟು. ಆದರೆ ಒಪ್ಪದಿರುವ ಆ ಹಕ್ಕೇ ಚಿತ್ರದ ವಸ್ತುವೆಂಬುದನ್ನು ಅವನು ಗಮನಿಸಬೇಕು. ಇನ್ನು ಮಕ್ಕಳ ವಿಷಯ. ಎಳೆಯರಿಗೆ ನೆತ್ತರಿನ ದೃಶ್ಯವನ್ನು ತೋರಿಸಬಾರದೆಂಬುದು ಯೋಗ್ಯವಾದ ಮಾತು. ಆದರೆ ಪ್ರೌಢಶಾಲೆಯ ಬಾಲಕನು ಬಂದೂಕಿನ ಆಟವನ್ನು ಪರದೆಯ ಮೇಲೆ ದಿನವೂ ಆಡುತ್ತಿರುವಾಗ, ಬಂದೂಕು ಹಾರಿದ ಮೇಲೆ ಒಂದು ಮನೆಯಲ್ಲಿ ಏನು ಉಳಿಯುತ್ತದೆಂಬುದನ್ನು ಗುರುವಿನ ಸಮ್ಮುಖದಲ್ಲಿ ಅವನು ತಿಳಿಯುವುದೇ ಲೇಸು.

ನಾಲ್ಕು ಮಾತುಗಳೂ ಸಾಲದೆ ಹೋದರೆ ಉಳಿದುದು ಯಾವುದು? ಉತ್ತರವು ‘ಸಾಕ್ಷ್ಯಚಿತ್ರ’ವೆಂಬ ಪದದಲ್ಲಿಯೇ ಇದೆ. ತಾನೇ ಕಣ್ಣಾರೆ ಕಂಡವನು ಸಾಕ್ಷಿಯೆಂದು ವೈಯಾಕರಣರು ಆ ಪದವನ್ನು ಸಾಧಿಸುತ್ತಾರೆ. ಸಾಕ್ಷಿಯ ಧರ್ಮ ಅಳುವುದಲ್ಲ. ಕಂಡದ್ದನ್ನು ಕಂಡಂತೆ ಹೇಳುವುದು, ತನಗೆ ಪ್ರತಿಕೂಲವಾಗಿದ್ದರೂ ಹೇಳುವುದು. ಹಾಗೆ ಹೇಳಹೊರಟರೆ ಬಸವಾದಿ ಶರಣರ ಹೆಸರನ್ನು ಹೇಳುವ ಸಮಾಜವು ತನ್ನ ಕಡೆಗೂ ಕಣ್ಣು ತಿರುಗಿಸಬೇಕಾಗುತ್ತದೆ.

ಕಲಬುರ್ಗಿಯವರು ಬಿಜಾಪುರ ಸೀಮೆಯ ಯರಗಲ್ಲಿನಲ್ಲಿ 1938ರಲ್ಲಿ ಜನಿಸಿದವರು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಸೇವೆ ಸಲ್ಲಿಸಿದವರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದ ಫ. ಗು. ಹಳಕಟ್ಟಿಯವರ ಕಾಯಕವನ್ನು ಮುಂದುವರಿಸಿ, ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾಗಿ 15 ಸಂಪುಟಗಳಲ್ಲಿ ವಚನರಾಶಿಯನ್ನು ನಾಡಿಗೆ ಒಪ್ಪಿಸಿದವರು. ಇಂದು ಶಾಲೆಯ ಮಗು ಪ್ರಾರ್ಥನೆಯಲ್ಲಿ ಹೇಳುವ ವಚನದ ಶುದ್ಧಪಾಠದ ಹಿಂದೆ ಅವರಂಥವರ ಶ್ರಮವಿದೆ. ಅಂಥವರು ಚನ್ನಬಸವಣ್ಣನವರ ಜನ್ಮವೃತ್ತಾಂತವನ್ನು ಕುರಿತು ‘ಮಾರ್ಗ’ದಲ್ಲಿ ಬರೆದುದಕ್ಕಾಗಿ 1989ರಲ್ಲಿ ಸಮಾಜದೊಳಗಿಂದಲೇ ಕೋಲಾಹಲವೆದ್ದಿತು. ಕುಟುಂಬದ ಕ್ಷೇಮವನ್ನು ನೆನೆದು ಅವರು ಬರೆದುದನ್ನು ಹಿಂತೆಗೆದುಕೊಂಡರು. ಅಂದು ತಮ್ಮೊಳಗಿನ ವಿದ್ವಾಂಸನು ಆತ್ಮಹತ್ಯೆ ಮಾಡಿಕೊಂಡನೆಂಬ ಅರ್ಥದ ಮಾತನ್ನು ಅವರೇ ಆಡಿದರು. ಅಂದು ಗುಂಡು ಹಾರಲಿಲ್ಲವೆಂಬುದು ನಿಜ. 1989ರ ಕೋಲಾಹಲಕ್ಕೂ 2015ರ ಕೊಲೆಗೂ ಕಾರ್ಯಕಾರಣ ಸಂಬಂಧವಿದೆಯೆಂದು ಹೇಳುವುದೂ ಅನ್ಯಾಯ. ಆದರೆ ವಾದಕ್ಕೆ ವಾದದಿಂದ ಉತ್ತರ ಕೊಡದೆ ಭಯದಿಂದ ಬಾಯಿ ಮುಚ್ಚಿಸಬಹುದೆಂಬ ಪಾಠವನ್ನು ಅಂದು ಯಾರೋ ಕಲಿಸಿದರು, ಯಾರೋ ಕಲಿತರು. 2015ರಲ್ಲಿ ಕಣ್ಣೀರಿಟ್ಟ ಸಮಾಜವು 1989ನ್ನು ಮರೆತರೆ ಅದರ ಸಾಕ್ಷ್ಯ ಅಪೂರ್ಣವಾಗುತ್ತದೆ.

ಶರಣಪರಂಪರೆಯಲ್ಲಿ ಇದಕ್ಕೆ ಮದ್ದಿಲ್ಲವೆ? ಉಂಟು. ಶೂನ್ಯಸಂಪಾದನೆಯ ಸೊನ್ನಲಿಗೆಯ ಪ್ರಸಂಗವನ್ನು ನೆನೆಯಬಹುದು. ಕೆರೆ ತೋಡಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಕಟುವಾದ ಮಾತಿನಿಂದ ಕೆಣಕಿದಾಗ, ಗುರುನಿಂದೆಯನ್ನು ತಾಳಲಾರದ ಶಿಷ್ಯರು ಕಲ್ಲು ಬೀರಿದರು, ಸಿದ್ಧರಾಮನೂ ಕೋಪಾವಿಷ್ಟನಾದನು. ಕಲ್ಲುಗಳ ರಾಶಿ ಬೆಳೆಯಿತೇ ಹೊರತು ಪ್ರಶ್ನೆ ಸಾಯಲಿಲ್ಲ. ಕಡೆಗೆ ಕಲ್ಲು ನಿಂತು ಸಂವಾದ ಮೊದಲಾಯಿತು. ಕೆಣಕಿದವನೊಡನೆಯೇ ಸಿದ್ಧರಾಮನು ಕಲ್ಯಾಣಕ್ಕೆ ನಡೆದನು. ಕಲ್ಲೆಸೆದಲ್ಲಿಯೇ ಕಥೆ ಮುಗಿದಿದ್ದರೆ ಕನ್ನಡಕ್ಕೆ ಸೊನ್ನಲಿಗೆಯ ಕೆರೆಯೊಂದೇ ಉಳಿಯುತ್ತಿತ್ತು. ಶಿವಯೋಗಿ ಸಿದ್ಧರಾಮೇಶ್ವರರ ವಚನಗಳು ದೊರೆಯುತ್ತಿರಲಿಲ್ಲ. ಶಿಷ್ಯರ ಅಭಿಮಾನ ಸಹಜವಾದುದು. ಅದನ್ನು ಕಲ್ಲಿನಿಂದ ಮಾತಿಗೆ ತಿರುಗಿಸುವುದು ಗುರುವಿನ ಕೆಲಸ.

ಮಠಗಳು ನಡೆಸುವ ವಿದ್ಯಾಸಂಸ್ಥೆಗಳ ಕರ್ತವ್ಯವೂ ಇದರಿಂದ ಸ್ಪಷ್ಟವಾಗುತ್ತದೆ. ಅಲ್ಲಿ ವಚನ ಕಂಠಪಾಠಕ್ಕೆ ಬಹುಮಾನವುಂಟು; ಅದು ಇರಲಿ. ಅದರೊಡನೆ, ಉಪಾಧ್ಯಾಯರ ಅಭಿಪ್ರಾಯವನ್ನು ಸವಿನಯವಾಗಿ, ಸಕಾರಣವಾಗಿ ಖಂಡಿಸಿದ ವಿದ್ಯಾರ್ಥಿಗೂ ಒಂದು ಬಹುಮಾನವಿರಲಿ. ದಾನಿಗಳು ಕೊಠಡಿಗೆ ಕಲ್ಲು ಕೊಡಿಸಿದಂತೆಯೇ ಗ್ರಂಥಾಲಯಕ್ಕೆ ‘ಮಾರ್ಗ’ದ ಸಂಪುಟಗಳನ್ನೂ, ಅವುಗಳನ್ನು ಖಂಡಿಸಿದ ಬರಹಗಳನ್ನೂ ಒಟ್ಟಿಗೆ ಕೊಡಿಸಲಿ. ಹಿರಿಯ ತರಗತಿಗಳವರಿಗೆ ವರ್ಷಕ್ಕೊಮ್ಮೆ ಇಂಥ ಚಿತ್ರದ ಉಚಿತವಾದ ಭಾಗವನ್ನು ತೋರಿಸಿ, ತೋರಿಸಿದುದಕ್ಕಿಂತ ಹೆಚ್ಚಿನ ಹೊತ್ತು ಚರ್ಚೆಗೆ ಮೀಸಲಿಡಲಿ. ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ಪತ್ರಕರ್ತರಿದ್ದಾರೆ, ಪೊಲೀಸ್ ಅಧಿಕಾರಿಗಳಿದ್ದಾರೆ. ಅವರು ಬಂದು ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಲಿ. ಅನ್ನದಾಸೋಹದಲ್ಲಿ ಬಂದವನ ಮತವನ್ನು ಕೇಳದೆ ಎಲೆ ಹಾಕುವ ಮಠಕ್ಕೆ, ಜ್ಞಾನದಾಸೋಹದಲ್ಲಿಯೂ ಅದೇ ಔದಾರ್ಯ ಕಷ್ಟವಾಗಲಾರದು.

ಧಾರವಾಡದ ಆ ಮನೆಯ ಬಾಗಿಲನ್ನು ತಟ್ಟಿದವರನ್ನು ಒಳಗಿದ್ದವರು ಬಹುಶಃ ವಿದ್ಯಾರ್ಥಿಗಳೆಂದೇ ಭಾವಿಸಿರಬೇಕು. ಪ್ರಾಧ್ಯಾಪಕರ ಮನೆಗೆ ಬೆಳಗಿನಲ್ಲಿ ಬರುವ ಅಪರಿಚಿತ ಯುವಕರು ಇನ್ನಾರಿರಬಲ್ಲರು? ಗುರುವಿನ ಬಾಗಿಲನ್ನು ತಟ್ಟುವ ಕೈ ಪ್ರಶ್ನೆಯೊಂದನ್ನೇ ತರಬೇಕು. ಬಾಗಿಲು ತೆರೆಯುವ ಗುರುವಿಗೆ ಅಂಜಿಕೆಯಿರಬಾರದು. ಆ ವಿಶ್ವಾಸವನ್ನು ಮತ್ತೆ ಕಟ್ಟುವ ಕೆಲಸ ನ್ಯಾಯಾಲಯದಿಂದ ಮುಗಿಯುವುದಲ್ಲ; ಅದು ತರಗತಿಯ ಕೋಣೆಯಲ್ಲಿ, ಮಕ್ಕಳು ಧೈರ್ಯದಿಂದ ಕೈಯೆತ್ತಿ ಪ್ರಶ್ನೆ ಕೇಳುವಲ್ಲಿ, ಆರಂಭವಾಗಬೇಕು.