ಕಾಡತೂಸಿನ ಕಾಳಸಂತೆ

2020ರಲ್ಲಿ ಅಮೆರಿಕದಲ್ಲಿ ಕಾಡತೂಸಿಗೆ ಬರಗಾಲ ಬಂದಿತು. ಸಾಂಕ್ರಾಮಿಕದ ದಿಗಿಲು, ಬೀದಿಯ ಗಲಭೆ, ಚುನಾವಣೆಯ ಅನುಮಾನ ಇವೆಲ್ಲ ಕೂಡಿ ಜನ ಬಂದೂಕಿನಂಗಡಿಗಳಿಗೆ ಮುಗಿಬಿದ್ದರು. ಸುಮಾರು 20 ಸೆಂಟಿಗೆ ದೊರೆಯುತ್ತಿದ್ದ 9 ಮಿಲಿಮೀಟರ್ ಗುಂಡಿನ ಬೆಲೆ ಮೂರು ಪಟ್ಟನ್ನೂ ಮೀರಿತು. ಬೇಡಿಕೆ ಹೀಗೆ ಏರುತ್ತಿದ್ದಾಗಲೇ, ಆ ವರ್ಷದ ಜುಲೈಯಲ್ಲಿ, ರೆಮಿಂಗ್ಟನ್ ಕಂಪನಿ ದಿವಾಳಿ ಅರ್ಜಿ ಹಾಕಿತು.

ಹಲವು ಚಿಲ್ಲರೆ ಅಂಗಡಿಯವರು ಗಿರಾಕಿಗೆ ಇಂತಿಷ್ಟೇ ಪೆಟ್ಟಿಗೆ ಎಂದು ಮಿತಿ ಹಾಕಿದರು. ಆದರೆ ಬಾಗಿಲು ತೆರೆಯುವ ಮುನ್ನವೇ ಸಾಲು ನಿಂತು, ಅಂಗಡಿ ಬೆಲೆಗೆ ಕೊಂಡು, ದುಪ್ಪಟ್ಟಿಗೆ ಮಾರುವವರು ಹುಟ್ಟಿಕೊಂಡರು. ಬೆಲೆ ಏರಿದರೆ ಸರಕು ತಾನಾಗಿ ಬರುವುದೆಂದು ಇದನ್ನು ಸಮರ್ಥಿಸಿದವರೂ ಉಂಟು. ನಾವು ಕೇಳುತ್ತೇವೆ: ಈ ಮರುಮಾರಾಟಗಾರ ಒಂದು ಗುಂಡನ್ನಾದರೂ ತಯಾರಿಸಿದನೇ?

ಗುಂಡು ಸಿಗದಿದ್ದರೆ ಬೇಟೆ ನಿಂತೀತು. ಅದೇ ನೀತಿ ಅಕ್ಕಿಗೆ, ಔಷಧಕ್ಕೆ ತಗುಲಿದರೆ ಬಡವನ ಪ್ರಾಣವೇ ಹೋದೀತು. ನಮ್ಮಲ್ಲಿ 2020ರ ಮಾರ್ಚ್‌ನಲ್ಲಿ ಮುಖಗವಸು ಪೇಟೆಯಿಂದ ಮಾಯವಾದಾಗ, 1955ರ ಅಗತ್ಯ ವಸ್ತುಗಳ ಕಾಯಿದೆಯನ್ನು ಬಳಸಿ ಮೂರು ಪದರದ ಮುಖಗವಸಿಗೆ 10 ರೂಪಾಯಿಯ ಮಿತಿ ಕಟ್ಟಬೇಕಾಯಿತು. ಆದರೂ ಅದೇ ವರ್ಷ ಅದೇ ಕಾಯಿದೆಯ ದಾಸ್ತಾನು ನಿರ್ಬಂಧವನ್ನು ಸಡಿಲಿಸಿದರು! ರೈತರ ಹೋರಾಟವೇ 2021ರಲ್ಲಿ ಆ ತಿದ್ದುಪಡಿಯನ್ನು ರದ್ದು ಮಾಡಿಸಿತು.

ಅಭಾವ ಬಂದಾಗ ಜನರ ಸಿಟ್ಟು ತಿರುಗುವುದು ಬೀದಿಯ ಸಣ್ಣ ಅಂಗಡಿಯ ಮೇಲೆ; ಗೋದಾಮಿನ ಧಣಿ ನಿಶ್ಚಿಂತನಾಗಿರುತ್ತಾನೆ. ಆದುದರಿಂದ ಗಿರಣಿಯ ಕಾರ್ಮಿಕನೂ ಚಿಲ್ಲರೆ ವ್ಯಾಪಾರಿಯೂ ಒಬ್ಬರನ್ನೊಬ್ಬರು ದೂರದೆ ಒಂದೇ ಕಂಠದಿಂದ ಕೇಳಬೇಕು: ದಾಸ್ತಾನಿನ ಲೆಕ್ಕ ಬಹಿರಂಗವಾಗಲಿ! ಅಭಾವದ ಸರಕು ನ್ಯಾಯಬೆಲೆಯಲ್ಲಿ ಹಂಚಿಕೆಯಾಗಲಿ!