ಘರ್ಷಣದ ಪ್ರಯೋಗವೂ ಪುಸ್ತಕದ ಉತ್ತರವೂ

ಘರ್ಷಣವೆಂದರೇನೆಂದು ಕೇಳಿದರೆ ನಮ್ಮ ಎಂಟನೆಯ ತರಗತಿಯ ಬಾಲಿಕೆಯರು ಲಕ್ಷಣವಾಕ್ಯವನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವರು. ಹಲಿಗೆಯನ್ನೂ ಮರದ ತುಂಡನ್ನೂ ಕೊಟ್ಟು ಅಳೆದು ತೋರಿಸಿರೆಂದರೆ ಒಬ್ಬರ ಮುಖವನ್ನೊಬ್ಬರು ನೋಡುವರು. ಆದಕಾರಣ ಈ ಪ್ರಯೋಗವನ್ನು ಅವರ ಕೈಯಿಂದಲೇ ಮಾಡಿಸತಕ್ಕದ್ದೆಂದೂ, ಬಂದ ಸಂಖ್ಯೆಯನ್ನು ಬಂದಂತೆಯೇ ಬರೆಯಿಸತಕ್ಕದ್ದೆಂದೂ ನನ್ನ ಅಭಿಪ್ರಾಯ. ಪೋಷಕರಲ್ಲಿ ಕೆಲವರಿಗೆ ಇದರಲ್ಲಿ ಆಕ್ಷೇಪಣೆಯುಂಟೆಂಬುದನ್ನು ಬಲ್ಲೆನು.

ಪ್ರಯೋಗಕ್ಕೆ ವೆಚ್ಚವೇನೂ ಇಲ್ಲ. ಹಲಿಗೆಯ ಮೇಲೆ ತುಂಡನ್ನಿಟ್ಟು ಒಂದು ತುದಿಯನ್ನು ಮೆಲ್ಲಗೆ ಎತ್ತಬೇಕು. ಅದು ಜಾರತೊಡಗಿದಾಗಿನ ಎತ್ತರವನ್ನು ನೆಲದ ಮೇಲಣ ಬುಡದ ಉದ್ದದಿಂದ ಭಾಗಿಸಬೇಕು. ಬುಡ 50 ಸೆಂ.ಮೀ., ಎತ್ತರ 20 ಸೆಂ.ಮೀ. ಆದರೆ ಘರ್ಷಣದ ಸಂಖ್ಯೆ 0.4. ಹಲಿಗೆಗೆ ಗೋಣಿತಟ್ಟು, ಉಪ್ಪುಕಾಗದ, ರೇಷ್ಮೆ ಬಟ್ಟೆಗಳನ್ನು ಹೊದಿಸಿದಂತೆ ಸಂಖ್ಯೆಯೂ ಬದಲಾಗುವುದು. ತುಂಡನ್ನು ಅಗಲವಾದ ಮೈಯಿಂದ ಕಿರಿದಾದ ಮೈಗೆ ಹೊರಳಿಸಿದರೆ ಮಾತ್ರ ಅದು ಬಹುಮಟ್ಟಿಗೆ ಹಾಗೆಯೇ ಉಳಿಯುವುದು. ಹುಡುಗಿಯರು ಇದನ್ನು ನಂಬದೆ ಮತ್ತೆ ಮತ್ತೆ ಮಾಡುವರು. 1699ರಲ್ಲಿ ಫ್ರಾನ್ಸಿನ ಅಮೋಂತನನು ಇದನ್ನೇ ತಿಳಿಸಿದಾಗ ಅಲ್ಲಿಯ ಪಂಡಿತರೂ ಸಂಶಯಪಟ್ಟರು!

ಉದಾಹರಣೆಗಾಗಿ ಫ್ರಾನ್ಸಿಗೆ ಹೋಗಬೇಕಾದುದೂ ಇಲ್ಲ. ಚನ್ನಪಟ್ಟಣದ ಬೊಂಬೆಯವರು ತಿರುಗುವ ಹಾಲೆಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನೊತ್ತುವರು. ಉಜ್ಜಾಟದ ಕಾವಿನಿಂದಲೇ ಅರಗು ಕರಗಿ ಮರಕ್ಕೆ ಹತ್ತುವುದು. ಅನಂತರ ಕೇದಗೆಯ ಒಣ ಎಲೆಯಿಂದ ಉಜ್ಜಿ ಹೊಳಪೇರಿಸುವರು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯ ಹುಡುಗಿಯು, ಎಳೆಗಳು ಒಂದರ ಮೇಲೊಂದು ಹೊಸೆದು ಸಾಗುವಾಗ ನೀರು ಹಿಂಡಿಹೋಗಿ ಎಳೆ ಕೂಡಿಕೊಳ್ಳುವುದನ್ನು ದಿನವೂ ಕಾಣುವಳು. ಮಳೆಯಲ್ಲಿ ಮಾಗಡಿಯ ಸಾವನದುರ್ಗವನ್ನು ಹತ್ತಿದವಳಿಗೂ, ಕನಕಪುರದ ಬಂಡೆಗಳ ನಡುವೆ ಬೆಳೆದವಳಿಗೂ ಘರ್ಷಣದ ಕೊರತೆಯನ್ನು ಬಣ್ಣಿಸಬೇಕೆ?

ಇನ್ನು ಆಕ್ಷೇಪಣೆ. ಒಂದೇ ಹಲಿಗೆಯಲ್ಲಿ ಒಂದು ಗುಂಪಿಗೆ 0.4, ಇನ್ನೊಂದಕ್ಕೆ 0.5 ಬಂದರೆ ಪುಸ್ತಕದಲ್ಲಿರುವುದನ್ನೇ ಬರೆಯಿಸಿಬಿಡಿರೆಂದು ಹೇಳುವವರಿದ್ದಾರೆ; ಮಾರ್ಕು ಹೋದೀತೆಂಬ ಭಯ. ಧೂಳು, ತೇವ, ಎತ್ತುವಾಗಿನ ಕುಲುಕು, ಇವುಗಳಿಂದ ಸಂಖ್ಯೆ ಬದಲಾಗುವುದು, ಆ ಕಾರಣವನ್ನು ಹುಡುಕುವುದೇ ಪಾಠದ ಬಹುಭಾಗ. ತಿದ್ದಿ ಬರೆದವಳಿಗೆ ಎರಡು ಮಾರ್ಕು ಹೆಚ್ಚು ದೊರೆಯಬಹುದು. ಅವಳೇ ನಾಳೆ ದಾದಿಯಾಗಿ ರೋಗಿಯ ಜ್ವರವನ್ನು ಬರೆಯತಕ್ಕವಳು. ನಿನ್ನ ಕಣ್ಣಿಗೆ ಕಂಡದ್ದು ಲೆಕ್ಕಕ್ಕಿಲ್ಲವೆಂದು ಹೆಣ್ಣುಮಕ್ಕಳಿಗೆ ಹೇಳುವವರು ಹೊರಗೆ ಸಾಕಷ್ಟು ಇರುವಾಗ, ಶಾಲೆಯೂ ಅದನ್ನೇ ಕಲಿಸುವುದು ನನಗೆ ಸಮ್ಮತವಲ್ಲ.

ಮಗಳು ಗೋಣಿತಟ್ಟನ್ನೋ ಹಳೆಯ ರೇಷ್ಮೆಯ ತುಂಡನ್ನೋ ಕೇಳಿದರೆ ದಯಮಾಡಿ ಕೊಟ್ಟು ಕಳುಹಿಸಬೇಕು. ಅವಳ ಪುಸ್ತಕದಲ್ಲಿ ಒಂದೇ ಪ್ರಯೋಗಕ್ಕೆ ಎರಡು ಸಂಖ್ಯೆಗಳು ಕಂಡರೆ ಉಪಾಧ್ಯಾಯಿನಿಯ ಅಲಕ್ಷ್ಯವೆಂದು ಎಣಿಸಬಾರದು.